ಸಲ್ಕಳ ಹೆಸರಿಲ್ಲದ ಕಾಗದ

ತಗಡಿನ ಬಾಗಿಲಿಗೆ ಉಂಗುರ ತಾಗಿದ ಸದ್ದು. ಮೂರು ಸಲ, ಮೆಲ್ಲಗೆ.

ನನಗೆ ಎಚ್ಚರವಿತ್ತು. ಸಣ್ಣ ಸದ್ದಿಗೂ ಎಚ್ಚರಾಗುವುದು ನನ್ನ ಕಾಯಿಲೆ. ನಮ್ಮ ಓಣಿಯವರು ಬಾಗಿಲನ್ನು ಅಂಗೈಯಿಂದ ಬಡಿಯುತ್ತಾರೆ, ಇಲ್ಲವೆ ಹೆಸರು ಹಿಡಿದು ಕೂಗುತ್ತಾರೆ. ಪೊಲೀಸರಾದರೆ ಬೂಟಿನಲ್ಲಿ ಒದೆಯುತ್ತಾರೆ. ಬೆಳ್ಳಿ ಉಂಗುರ ಹಾಕಿದ ಕೈ ನುವಾಕ್‌ಶಾತ್ ಎಂಬ ನಮ್ಮ ರಾಜಧಾನಿಯ ಈ ತುದಿಗೆ ಬರುವುದಿಲ್ಲ. ಯಾರಿರಬಹುದು ಎಂದು ಕತ್ತಲಲ್ಲಿ ಎದ್ದು ಕೂತೆ.

ಅವ್ವ ಯೋಚಿಸಲಿಲ್ಲ. ನೇರ ಹೋಗಿ ಚಿಲಕ ತೆಗೆದಳು.

ಹೊರಗೆ ಇಸೆಲ್ಮು ನಿಂತಿದ್ದ. ತೆಕ್ಬರಳ ಮಗ. ತೆಕ್ಬರ್ ಅವ್ವನ ಒಡತಿ. ಒಡತಿಯಾಗಿದ್ದಳು ಎಂದು ನಾನು ಹೇಳುತ್ತೇನೆ. ಅವ್ವ ಹಾಗೆ ಹೇಳುವುದಿಲ್ಲ.

ನಾವು ಅವರ ಮನೆ ಬಿಟ್ಟು ಇಪ್ಪತ್ತೆರಡು ವರ್ಷ. ಅವನು ಒಂದು ಸಲವೂ ಇತ್ತ ಬಂದವನಲ್ಲ. ಈಗ ಯಾವುದೋ ಸಚಿವಾಲಯದಲ್ಲಿ ದೊಡ್ಡ ಅಧಿಕಾರಿ. ಗಂಜಿ ಹಾಕಿದ ನೀಲಿ ನಿಲುವಂಗಿ ನಮ್ಮ ಬಾಗಿಲಲ್ಲಿ ಹಿಡಿಸಲಿಲ್ಲ. ಎರಡೂ ಕೈಯಲ್ಲಿ ಎತ್ತಿ ಹಿಡಿದು ಓರೆಯಾಗಿ ಒಳಗೆ ಬಂದ. ಅವ್ವ ಚಾಪೆ ಮಗುಚಿ ಚೊಕ್ಕ ಮಗ್ಗುಲು ಮೇಲೆ ಮಾಡಿದಳು. ಅವನು ಕೂತ. ಅವ್ವ ಕೈ ಕಟ್ಟಿಕೊಂಡು ನಿಂತಳು. ನಾನೂ ನಿಂತಿದ್ದೇನೆ ಎಂಬುದು ನನಗೆ ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಯಿತು. ತಕ್ಷಣ ಕೂತುಬಿಟ್ಟೆ.

ಅವನು ಸುತ್ತಿ ಬಳಸಲಿಲ್ಲ. ಅಮ್ಮ ಉಳಿಯುವುದಿಲ್ಲ ಎಂದ. ನಾಲ್ಕು ದಿನದಿಂದ, ತಾನು ನೋಯಿಸಿದವರನ್ನೆಲ್ಲ ಕರೆಸಿ ಮಾಫಿ ಕೇಳುತ್ತಿದ್ದಾಳಂತೆ. ನಮ್ಮಲ್ಲಿ ಹಾಗೆ. ಸಾಯುವವರು ಕೇಳುತ್ತಾರೆ, ಉಳಿಯುವವರು ಕೊಡುತ್ತಾರೆ. ಮನುಷ್ಯರು ಮನ್ನಿಸದ್ದನ್ನು ದೇವರೂ ಮನ್ನಿಸದೆ ಕೊನೆಯ ದಿನಕ್ಕೆ ಎತ್ತಿಡುತ್ತಾನೆ ಎನ್ನುತ್ತಾರೆ.

"ನಿನ್ನ ಹೆಸರೇ ಹೇಳ್ತಾರೆ ಎಂಬೈರಿಕ. ರಾತ್ರಿಯೆಲ್ಲ. ನೀನು ಬಂದು ಒಂದು ಮಾತು ಹೇಳಿದ್ರೆ ಅವರ ಜೀವ ಸಲೀಸಾಗಿ ಹೋಗುತ್ತೆ. ಅವರೂ ನಿನ್ನನ್ನ ಬಿಡುಗಡೆ ಮಾಡ್ತಾರೆ. ಸಾಕ್ಷಿಗಳ ಮುಂದೆ. ಕಾಗದದಲ್ಲಿ."

ಅವ್ವ ಒಂದು ಹೆಜ್ಜೆ ಮುಂದೆ ಬಂದಳು.

ಈ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ ಅವ್ವ ಹುಟ್ಟಿದ್ದು. ಫ್ರೆಂಚರು ಹೋದರು, ಬಾವುಟ ಬಂತು, ಅವ್ವ ತೆಕ್ಬರಳ ಅಪ್ಪನ ಡೇರೆಯ ಹಿಂದೆ ಹುಟ್ಟಿ ತೆಕ್ಬರಳ ತೊತ್ತಾದಳು. ಅವ್ವನ ಅವ್ವ ತೊತ್ತು, ಆದ್ದರಿಂದ ಅವ್ವ ತೊತ್ತು. ಹೊಟ್ಟೆಯ ದಾರಿಯಲ್ಲಿ ಬರುವ ಆಸ್ತಿ. ಅಪ್ಪ ಸತ್ತ ಮೇಲೆ ನನ್ನನ್ನೂ ತಮ್ಮ ಮೆಸ್ಸೂದನನ್ನೂ ಕಟ್ಟಿಕೊಂಡು ಒಂದು ರಾತ್ರಿ ನಡೆದುಬಂದಳು. ಅಪ್ಪಣೆ ಕೇಳಲಿಲ್ಲ. ಅಪ್ಪಣೆಯಿಲ್ಲದೆ ಒಡೆಯರನ್ನು ಬಿಟ್ಟುಬಂದವರ ನಮಾಜು ಮೇಲೆ ಹೋಗುವುದಿಲ್ಲ ಎಂದು ಆ ಮನೆಗೆ ಬರುತ್ತಿದ್ದ ಗುರು ಅವಳ ತಲೆಗೆ ತುಂಬಿದ್ದ. ಅವ್ವ ಅದನ್ನು ನಂಬಿದ್ದಾಳೆ. ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಐದು ಸಲ ಮಂಡಿಯೂರುತ್ತಾಳೆ. ತನ್ನ ನಮಾಜೆಲ್ಲ ಸೂರಿನ ತಗಡಿಗೆ ತಾಗಿ ಅಲ್ಲೇ ನಿಂತಿದೆ ಎಂದುಕೊಂಡಿದ್ದಾಳೆ. ಒಡತಿ ಬಾಯಿಬಿಟ್ಟು ಹೇಳುವ ತನಕ.

ನಾನು ಹೇಳಿ ಸೋತಿದ್ದೆ. ನಾನು ಸರಕಾರಿ ಶಾಲೆಯ ಮೇಡಂ. ಎಂಬತ್ತೊಂದರಲ್ಲಿ ಗುಲಾಮಗಿರಿ ರದ್ದಾಯಿತು, ಎರಡು ಸಾವಿರದ ಏಳರಲ್ಲಿ ಅದು ಅಪರಾಧವಾಯಿತು, ಹದಿನೈದರಲ್ಲಿ ಶಿಕ್ಷೆ ಹೆಚ್ಚಾಯಿತು ಎಂದು ಮಕ್ಕಳಿಗೆ ಪಾಠ ಮಾಡುತ್ತೇನೆ. ಮೂರನೇ ಸಾಲಿನ ಒಬ್ಬಳು ಹುಡುಗಿ ಕೇಳಿದ್ದಳು: "ಮೇಡಂ, ಇಲ್ಲದೇ ಇರೋದಕ್ಕೆ ಶಿಕ್ಷೆ ಯಾಕೆ ಜಾಸ್ತಿ ಮಾಡಿದ್ರು?" ಮುಂದಿನ ಪುಟ ತೆಗೆಯಿರಿ ಎಂದಿದ್ದೆ.

ಅವ್ವ ತಲೆ ಎತ್ತಿ ಇಸೆಲ್ಮುವನ್ನು ನೋಡಿದಳು. ಅವನ ಮುಖ ನೋಡಿ ಅವಳು ಮಾತಾಡಿದ್ದು ನಾನು ಕಂಡಿರುವುದು ಅದೊಂದೇ ಸಲ.

"ನಂಗೆ ಇನ್ನೇನೂ ಬೇಡ ಒಡೆಯಾ. ನನ್ನ ಸಲ್ಕ ಎಲ್ಲಿದ್ದಾಳೆ ಅಂತ ಹೇಳಿಬಿಡಲಿ. ಎಲ್ಲಾನೂ ಮನ್ನಿಸ್ತೀನಿ."

ಇಸೆಲ್ಮು ಉಂಗುರ ತಿರುಗಿಸಿದ. "ಹೇಳ್ತಾರೆ. ನಾಳೆ ಬಾ," ಎಂದ.

ಸಲ್ಕ ನನ್ನ ಅಕ್ಕ. ತೆಕ್ಬರ್ ತನ್ನ ತಂಗಿಯ ಮಗಳ ಮದುವೆಗೆ ಅವಳನ್ನು ಉಡುಗೊರೆ ಕೊಟ್ಟಳು. ಎರಡು ಚರ್ಮದ ದಿಂಬು, ಒಂದು ಹಾಲು ಕರೆಯುವ ಒಂಟೆ, ಸಲ್ಕ. ಮದುಮಗಳ ಡೇರೆ ಪೂರ್ವದ ಮರಳುಗಾಡಿನಲ್ಲಿತ್ತು, ನಮ್ಮಿಂದ ಎಂಟು ದಿನದ ದಾರಿ. ಗುಲಾಮಗಿರಿ ರದ್ದು ಮಾಡಿದ ಕಾನೂನಿಗೆ ಆಗ ನಾಲ್ಕು ವರ್ಷ. ಅಕ್ಕನಿಗೆ ಏಳು. ನಾನು ಅವ್ವನ ಬೆನ್ನಿಗೆ ಕಟ್ಟಿದ ಕೂಸು. ತೆಕ್ಬರ್ ತಾನೇ ಅವಳನ್ನು ಒಂಟೆಗಳ ಜೊತೆ ಮದುವೆಗೆ ಕರೆದುಕೊಂಡು ಹೊರಟಾಗ ಅವ್ವ ರುಬ್ಬುತ್ತಿದ್ದಳಂತೆ. ಎದ್ದು ಹೋಗುವುದಕ್ಕೆ ಬಿಡಲಿಲ್ಲವಂತೆ. ಮುಗಿಸಿ ಎದ್ದಾಗ ಹೆಜ್ಜೆಗುರುತನ್ನೂ ಗಾಳಿ ತಿಂದಿತ್ತು. ಮೂವತ್ತಮೂರು ವರ್ಷ. ಅವ್ವ ಈಗಲೂ ಪೂರ್ವದಿಂದ ಬಂದವರ ಪಾದ ನೋಡುತ್ತಾಳೆ. ಅಕ್ಕನ ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದವಿತ್ತಂತೆ.

ಬೆಳಿಗ್ಗೆ ಮೆಸ್ಸೂದ್ ಬಂದರಿಗೆ ಹೊರಟಿದ್ದ. ಹಡಗಿನಿಂದ ಸಿಮೆಂಟ್ ಚೀಲ ಇಳಿಸುತ್ತಾನೆ. ಅವನ ಹೆಗಲು ಎರಡೂ ಕಡೆ ಗಂಟುಕಟ್ಟಿದೆ. ಸಂಗತಿ ಕೇಳಿ ನಕ್ಕ.

"ಬದುಕೋದಕ್ಕೂ ನಾವೇ ಹೆಗಲು ಕೊಟ್ವಿ. ಈಗ ಸಾಯೋದಕ್ಕೂ ನಾವೇ ಕೊಡಬೇಕಾ? ಹೋಗಬೇಡ ಅವ್ವ. ಒದ್ದಾಡ್ಕೊಂಡು ಸಾಯಲಿ."

"ನೀನು ಹಡೆದಿದ್ಯೇನೋ?" ಎಂದಳು ಅವ್ವ. ಅವನು ಚಪ್ಪಲಿ ಮೆಟ್ಟಿ ಹೊರಟ.

ಅವ್ವ ಸ್ನಾನ ಮಾಡಿದಳು. ಅಂಗೈಗೆ ಎಣ್ಣೆ ಹಚ್ಚಿದಳು. ಅವ್ವ ಬದುಕುವುದು ಕುಸ್ಕುಸ್ ಮಾಡಿ ಮಾರಿ. ಸಜ್ಜೆ ಹಿಟ್ಟಿಗೆ ನೀರು ಚಿಮುಕಿಸಿ ಅಂಗೈಯಡಿ ಉರುಳಿಸಿ ಉರುಳಿಸಿ ಸಾಸಿವೆಯಷ್ಟು ಸಣ್ಣ ಕಾಳು ಮಾಡಬೇಕು. ದಿನಕ್ಕೆ ಎಂಟು ಗಂಟೆ. ಅಂಗೈಯ ಗೆರೆಗಳು ಸವೆದುಹೋಗಿವೆ. ಗುರುತಿನ ಚೀಟಿ ಮಾಡಿಸಲು ಹೋದಾಗ ಯಂತ್ರ ಅವಳ ಬೆರಳನ್ನು ಒಪ್ಪಲಿಲ್ಲ. ಆ ಮನೆಗೂ ಅವಳು ಎರಡು ಸೇರು ಕುಸ್ಕುಸ್ ಕಟ್ಟಿಕೊಂಡಳು. ಯಾಕೆ ಎಂದೆ. ಖಾಲಿ ಕೈಯಲ್ಲಿ ಹೋಗ್ತಾರೇನೇ ಎಂದಳು.

ದೊಡ್ಡ ಮನೆ. ಅಂಗಳದಲ್ಲಿ ಬಿಳಿ ಡೇರೆ ಹಾಕಿದ್ದರು. ನೆಂಟರು ಸಾವಿಗೆ ಮೊದಲೇ ಬಂದಿಳಿದಿದ್ದರು. ಆಡು ಸುಲಿಯುತ್ತಿದ್ದರು. ಚಹಾ ಮೂರನೆಯ ಸುತ್ತಿಗೆ ಬಂದಿತ್ತು. ನಾವು ಹಿಂಬಾಗಿಲಿಂದ ಹೋದೆವು. ಯಾರೂ ಹಾಗೆ ಹೇಳಿರಲಿಲ್ಲ. ಅವ್ವನ ಕಾಲು ಆ ಕಡೆ ತಿರುಗಿತು, ನಾನು ಅವಳ ಹಿಂದಿದ್ದೆ.

ಅಡುಗೆಮನೆಯಲ್ಲಿ ತೆಕ್ಬರಳ ಸೊಸೆ ಬೆವರುತ್ತ ನಿಂತಿದ್ದಳು. ಅವ್ವನನ್ನು ಕಂಡವಳೇ ಎದೆ ಮುಟ್ಟಿಕೊಂಡಳು.

"ಎಂಬೈರಿಕ! ದೇವರೇ ಕಳಿಸಿದ ನಿನ್ನ. ಅರವತ್ತು ಜನ ಊಟಕ್ಕೆ. ಈ ಹುಡುಗೀರಿಗೆ ಕುಸ್ಕುಸ್ ಉರುಳಿಸೋಕೆ ಬರಲ್ಲ, ಗೋಲಿ ಥರ ಮಾಡ್ತಾರೆ."

ಅಷ್ಟೇ. ಯಾರೂ ಅಪ್ಪಣೆ ಮಾಡಲಿಲ್ಲ. ಅವ್ವ ಮುಸುಕು ಸೊಂಟಕ್ಕೆ ಸಿಕ್ಕಿಸಿ ದೊಡ್ಡ ಮರದ ಬೋಗುಣಿಯ ಮುಂದೆ ಕೂತುಬಿಟ್ಟಳು. ನಾನು ತೋಳು ಹಿಡಿದೆ. ಇಷ್ಟು ಮಾಡಿ ಬರ್ತೀನಿ ಕಣೇ, ನೋಡು ಎಷ್ಟು ಜನ ಎಂದಳು. ಐವತ್ತೆಂಟು ವರ್ಷದ ಹೆಂಗಸು. ಮಾಫಿ ಕೊಡಲು ಬಂದವಳು.

ಸೊಸೆ ನನ್ನತ್ತ ತಿರುಗಿದಳು. "ನಿನ್ನ ಮಗಳಾ? ಜರಡಿ ಹಿಡಿಯೇ."

ನಾನು ಶಾಲೆಯಲ್ಲಿ ಪಾಠ ಮಾಡುವವಳು ಎಂದೆ. ಯಾಕೆ ಹಾಗೆ ಹೇಳಿದೆನೋ. ಅವಳು ಮೇಲಿಂದ ಕೆಳಗೆ ನೋಡಿದಳು. "ಒಳ್ಳೇದಾಯ್ತು. ಎಣಿಕೆ ಬರುತ್ತಲ್ಲ. ತಟ್ಟೆ ಎಣಿಸಿಡು." ಪಕ್ಕದಲ್ಲಿದ್ದವರು ನಕ್ಕರು. ಕೆಟ್ಟ ನಗು ಅಲ್ಲ. ಮನೆಯವರನ್ನು ತಮಾಷೆ ಮಾಡಿದಾಗ ನಗುತ್ತಾರಲ್ಲ, ಅಂಥ ನಗು. ಅದೇ ನನ್ನ ಮೈಗೆ ಕೆಂಡ ಸುರಿದ ಹಾಗಾಯಿತು.

ಇಸೆಲ್ಮು ಅಡುಗೆಮನೆಯ ಹೊಸ್ತಿಲ ತನಕ ಬಂದ. ಸಲ್ಕಳ ಸುದ್ದಿ ಸಿಕ್ಕಿದೆ ಎಂದ. ಪೂರ್ವದಲ್ಲಿ, ನೇಮ ಪಟ್ಟಣದ ಆಚೆ ಇದ್ದಾಳೆ. ಚೆನ್ನಾಗಿದ್ದಾಳೆ. ಮದುವೆಯಾಗಿದೆ. ನಾಲ್ಕು ಮಕ್ಕಳು. ಎಲ್ಲ ಮುಗಿದ ಮೇಲೆ ಕರೆಸೋಣ.

ಅವ್ವನ ಕೈ ಹಿಟ್ಟಿನಲ್ಲಿ ನಿಂತಿತು.

"ನಾಲ್ಕಾ?" ಎಂದಳು. "ಗಂಡೆಷ್ಟು, ಹೆಣ್ಣೆಷ್ಟು?"

"ಎರಡು, ಎರಡು," ಎಂದ ಇಸೆಲ್ಮು.

ಅವ್ವ ನಕ್ಕಳು. ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಇಟ್ಟುಕೊಂಡಳು. ಮೂಗಿನ ತುದಿ ಬೆಳ್ಳಗಾಯಿತು. ಆಮೇಲೆ ಮೊದಲಿಗಿಂತ ಜೋರಾಗಿ ಉರುಳಿಸತೊಡಗಿದಳು. ಆ ಬೋಗುಣಿಯಲ್ಲಿ ಅವಳು ಅಷ್ಟು ಸಂತೋಷದಿಂದ ಎಂದೂ ಉರುಳಿಸಿರಲಾರಳು.

ಇಸೆಲ್ಮು ನನ್ನನ್ನು ಮುಂದಿನ ಕೋಣೆಗೆ ಕರೆದ. ನೀನು ಓದಿದವಳು, ಕಾಗದ ಒಂದು ಸಲ ನೋಡಿಬಿಡು ಎಂದ. ಮಸೀದಿಯ ಇಮಾಮರು ಕೂತಿದ್ದರು. ಮುದುಕರು, ಮೃದು ಮಾತು. ಕಾಗದ ಅವರ ಕೈಬರಹದಲ್ಲಿತ್ತು. ಚಂದದ ಅಕ್ಷರ.

ತೆಕ್ಬರ್ ಎಂಬವಳು ದೇವರ ಪ್ರೀತಿಗಾಗಿ ತನ್ನ ತೊತ್ತು ಎಂಬೈರಿಕಳನ್ನೂ ಅವಳ ಹೊಟ್ಟೆಯಲ್ಲಿ ಹುಟ್ಟಿದ ತೆಸ್ಲೆಮ್, ಮೆಸ್ಸೂದ್ ಇವರನ್ನೂ ಈ ದಿನ ಬಿಡುಗಡೆ ಮಾಡಿದ್ದಾಳೆ.

ತೆಸ್ಲೆಮ್ ನಾನು. ಅದನ್ನು ಎರಡು ಸಲ ಓದಿದೆ. ಹನ್ನೆರಡನೆಯ ವಯಸ್ಸಿನಲ್ಲಿ ಆರು ವರ್ಷದ ಮಕ್ಕಳ ಜೊತೆ ಒಂದನೇ ತರಗತಿಯಲ್ಲಿ ಕೂತಿದ್ದೆ. ಮೊಣಕಾಲು ಮೇಜಿಗೆ ತಾಗುತ್ತಿತ್ತು. ಮಕ್ಕಳು ನನ್ನನ್ನು ಅಜ್ಜಿ ಎಂದು ಕರೆಯುತ್ತಿದ್ದರು. ಶಿಕ್ಷಕರ ಕಾಲೇಜು ಮುಗಿಸಿದೆ. ಹತ್ತು ವರ್ಷ ಪಾಠ ಮಾಡಿದೆ. ಆ ಕಾಗದದ ಪ್ರಕಾರ ನಾನು ಆ ಮಧ್ಯಾಹ್ನದ ತನಕ ಒಬ್ಬಳ ಆಸ್ತಿ.

ಸಿಟ್ಟನ್ನು ನುಂಗಿದೆ. ಅವ್ವನ ನಮಾಜಿನ ಪ್ರಶ್ನೆ ಎಂದುಕೊಂಡೆ. ಆಮೇಲೆ ಮೂರನೆಯ ಸಲ ಓದಿದೆ. ಪದಗಳನ್ನು ಒಂದೊಂದಾಗಿ ನೋಡುವುದು ನನ್ನ ಅಭ್ಯಾಸ. ಮೂವರನ್ನು ಹಡೆದವಳ ಹೆಸರಿನ ಕೆಳಗೆ ಇಬ್ಬರೇ ಇದ್ದರು.

"ಸಲ್ಕಳ ಹೆಸರು ಬಿಟ್ಟುಹೋಗಿದೆ," ಎಂದೆ.

ಇಮಾಮರು ಇಸೆಲ್ಮುವನ್ನು ನೋಡಿದರು. ಇಸೆಲ್ಮು, ಅವಳು ಉಡುಗೊರೆ ಹೋದವಳು, ಈಗ ಆ ಮನೆಯವರದು, ಅವರು ಬೇರೆ ಕಾಗದ ಕೊಡಬೇಕು ಎಂದ. ತಡವರಿಸದೆ ಹೇಳಿದ. ಸರಿಯಾಗಿಯೂ ಇತ್ತು. ಆದರೆ ಹೇಳಿದ ಮೇಲೆ ಅವನು ಉಂಗುರ ತಿರುಗಿಸಿದ.

ಇಳಿಹಗಲಿನ ನಮಾಜಿನ ಕರೆ ಬಂತು. ಗಂಡಸರು ಡೇರೆಗೆ ಹೋದರು, ಹೆಂಗಸರು ಒಳಕೋಣೆಗೆ. ಸೊಸೆ ನನ್ನ ಕೈಗೆ ಹತ್ತಿಯ ಉಂಡೆ, ನೀರಿನ ಬಟ್ಟಲು ಕೊಟ್ಟು, ಅಮ್ಮನ ಹತ್ರ ಸ್ವಲ್ಪ ಕೂತಿರು, ತುಟಿ ಒದ್ದೆ ಮಾಡ್ತಿರು ಎಂದಳು. ಕೇಳಲಿಲ್ಲ, ಹೇಳಿದಳು.

ತೆಕ್ಬರಳ ಕೋಣೆಗೆ ಹೋದೆ.

ಚಿಕ್ಕಂದಿನಲ್ಲಿ ನನಗೆ ಅವಳು ಗುಡ್ಡದ ಹಾಗೆ ಕಾಣುತ್ತಿದ್ದಳು. ಮದುವೆಗೆ ಮೊದಲು ಹಾಲು ಕುಡಿಸಿ ಕುಡಿಸಿ ದಪ್ಪ ಮಾಡಿದ್ದ ಮೈ. ಒಳ್ಳೆ ಮನೆತನದ ಹೆಣ್ಣು ಎದ್ದು ಕೆಲಸ ಮಾಡಲಾರದಷ್ಟು ದಪ್ಪ ಇರಬೇಕು. ಅವ್ವನೇ ಬಟ್ಟಲು ಹಿಡಿಯುತ್ತಿದ್ದಳಂತೆ. ಈಗ ಆ ಮೈಯೆಲ್ಲ ಇಳಿದು ಚರ್ಮ ಹಾಸಿಗೆಯ ಮೇಲೆ ಮಡಿಕೆ ಮಡಿಕೆಯಾಗಿ ಬಿದ್ದಿತ್ತು. ಕಣ್ಣು ಮಾತ್ರ ಓಡಾಡುತ್ತಿತ್ತು.

ತುಟಿಗೆ ಹತ್ತಿ ಒತ್ತಿದೆ. ಅವಳು ನನ್ನ ಮುಖ ನೋಡಿದಳು. ತುಂಬ ಹೊತ್ತು ನೋಡಿದಳು.

"ಬಂದ್ಯಾ," ಎಂದಳು. "ಮೈಮೇಲಿನ ಮರಳೆಲ್ಲ ಹೋಗಿದೆ."

ಯಾರ ಜೊತೆ ಮಾತಾಡುತ್ತಿದ್ದಾಳೋ ತಿಳಿಯಲಿಲ್ಲ. ಅವಳ ಕೈ ನನ್ನ ಮಣಿಕಟ್ಟಿಗೆ ಬಂತು.

"ನಾನು ಬೇಡ ಅಂದಿದ್ದೆ ಸಲ್ಕ. ಹುಡುಗಿ ಚಿಕ್ಕದು ಅಂದೆ. ದೊಡ್ಡೋರು ಬಾವಿ ಬಾಯಲ್ಲಿ ಹಿಡಿಸಲ್ಲ ಅಂದ್ರು. ಮರಳು ತುಂಬಿತ್ತು ದಾರಿ ಬಾವೀಲಿ, ಯಾರಾದ್ರೂ ಇಳಿದು ತೆಗೀಬೇಕಿತ್ತು. ಹಗ್ಗ ಸರಿಯಾಗೇ ಕಟ್ಟಿದ್ರು, ನಾನೇ ನೋಡಿದೀನಿ."

ನಾನು ಅಲುಗಲಿಲ್ಲ. ನೀರಿನ ಬಟ್ಟಲು ತೊಡೆಯ ಮೇಲಿತ್ತು.

"ಗೋಡೆ ಕುಸೀತು. ಹಗ್ಗ ಬಂತು, ನೀನು ಬರಲಿಲ್ಲ. ಸಂಜೆ ತನಕ ನಿನ್ನ ದನಿ ಬರ್ತಿತ್ತು. ನಾನೇನು ಮಾಡಲಿ? ಒಂಟೆಗಳಿಗೆ ನೀರಿಲ್ಲ. ಬೇರೆ ಬಾವಿಗೆ ಹೊರಟ್ವಿ."

ಅವಳು ಅಳುತ್ತಿದ್ದಳು. ಅಳುವುದಕ್ಕೆ ನೀರಿರಲಿಲ್ಲ, ಮುಖ ಮಾತ್ರ ಕಿವುಚಿಕೊಂಡಿತ್ತು.

"ಮನ್ನಿಸಿದೆ ಅನ್ನು ಮಗು. ಒಂದು ಸಲ ಅನ್ನು. ನಾನು ಹೋಗಬೇಕು."

ಆ ಮನೆಯಲ್ಲಿ ನಮ್ಮವರನ್ನು ಯಾರೂ ಮಗು ಎಂದು ಕರೆದದ್ದು ನಾನು ಕೇಳಿಲ್ಲ.

ಬಗ್ಗಿ ಅವಳ ಕಿವಿಯ ಹತ್ತಿರ ಬಾಯಿ ತಂದೆ. "ಇಲ್ಲ," ಎಂದೆ.

ಅವಳು ನೀರು ಎಂದಳು. ಕೊಟ್ಟೆ. ಹತ್ತಿ ಅದ್ದಿ ತುಟಿಗೆ ಹಿಂಡಿದೆ. ಮತ್ತೆ ಕೇಳಿದಳು. ಮತ್ತೆ ಕೊಟ್ಟೆ. ಅರ್ಧ ನೀರು ದಿಂಬಿಗೆ ಹೋಯಿತು. ಮನ್ನಿಸಿದೆ ಎಂದು ಮಾತ್ರ ಹೇಳಲಿಲ್ಲ.

ಹೊರಗೆ ಬಂದಾಗ ಇಸೆಲ್ಮು ನಮಾಜು ಮುಗಿಸಿ ಬರುತ್ತಿದ್ದ. ಗಡ್ಡದಲ್ಲಿ ಇನ್ನೂ ನೀರಿನ ಹನಿ. ಪಡಸಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಬಾವಿ ಎಷ್ಟು ಆಳ ಇತ್ತು?" ಎಂದು ಕೇಳಿದೆ.

ಅವನು ಯಾವ ಬಾವಿ ಎಂದು ಕೇಳಲಿಲ್ಲ. ಕೇಳಿದ್ದರೆ ತೆಕ್ಬರ್ ಜ್ವರದಲ್ಲಿ ಏನೋ ಬಡಬಡಿಸಿದಳು ಎಂದು ನಾನು ಇವತ್ತಿಗೂ ಅಂದುಕೊಳ್ಳಬಹುದಿತ್ತು. ಅವನು ಅಡುಗೆಮನೆಯ ಕಡೆ ನೋಡಿದ, ದನಿ ತಗ್ಗಿಸಿದ.

"ನಂಗಾಗ ಹನ್ನೆರಡು ವರ್ಷ. ನಾನು ಅಲ್ಲಿರಲಿಲ್ಲ."

"ಎರಡು ಗಂಡು, ಎರಡು ಹೆಣ್ಣು ಅಂದ್ರಲ್ಲ."

"ನಿಮ್ಮವ್ವನಿಗೆ ಹೇಳಬೇಡ. ನೋಡು, ಎಷ್ಟು ಖುಷಿಯಾಗಿದ್ದಾಳೆ. ಒಂದು ಮಾತು ಹೇಳ್ತಾಳೆ, ಕಾಗದ ತಗೊಂಡು ನೆಮ್ಮದಿಯಾಗಿ ಹೋಗ್ತಾಳೆ. ಅಮ್ಮಾನೂ ನೆಮ್ಮದಿಯಾಗಿ ಹೋಗ್ತಾರೆ. ಇದರಿಂದ ಯಾರಿಗೇನು ನಷ್ಟ? ನೀನು ಓದಿದವಳು. ಅರ್ಥ ಮಾಡ್ಕೊ."

ನಾನು ಏನೂ ಹೇಳಲಿಲ್ಲ. ಅವನು ಅದನ್ನು ಒಪ್ಪಿಗೆ ಎಂದುಕೊಂಡ.

ಎಲ್ಲರೂ ತೆಕ್ಬರಳ ಕೋಣೆಗೆ ಬಂದರು. ಇಮಾಮರು ಕಾಗದ, ಲೇಖನಿ ಹಿಡಿದು ಕೂತರು. ಎರಡು ಸಾಕ್ಷಿಗಳು. ಸೊಸೆ, ಹೆಣ್ಣುಮಕ್ಕಳು ಬಾಗಿಲಲ್ಲಿ. ಅವ್ವನನ್ನು ಕರೆದರು. ಮೊಣಕೈ ತನಕ ಹಿಟ್ಟು. ಕೈ ತೊಳೆದು ಬರಲೂ ಬಿಟ್ಟಿರಲಿಲ್ಲ. ಅವಳು ಹಾಸಿಗೆಯ ಕೆಳಗೆ ನೆಲದ ಮೇಲೆ ಕೂತಳು. ತೆಕ್ಬರಳ ಪಾದ ಕಂಡವಳೇ ಅಭ್ಯಾಸದಿಂದ ಅದನ್ನು ಹೊದಿಕೆಯೊಳಗೆ ಸರಿಸಿದಳು. ಅಮ್ಮಾವ್ರೇ ಎಂದು ಅತ್ತಳು. ಸುಳ್ಳು ಅಳು ಅಲ್ಲ. ನನ್ನ ಅವ್ವ ಆ ಹೆಂಗಸಿಗಾಗಿ ನಿಜವಾಗಿ ಅತ್ತಳು.

ಇಮಾಮರು ಕ್ರಮ ಹೇಳಿದರು. ಮೊದಲು ಎಂಬೈರಿಕ ಮನ್ನಿಸಬೇಕು. ಎಲ್ಲವನ್ನೂ, ತಿಳಿದದ್ದು ತಿಳಿಯದ್ದು ಎಲ್ಲವನ್ನೂ. ಆಮೇಲೆ ತೆಕ್ಬರ್ ಬಿಡುಗಡೆಯ ಮಾತು ಹೇಳುತ್ತಾರೆ.

ತಿಳಿಯದ್ದು ಎಂದರು. ಆ ಪದ ನನ್ನ ಕಿವಿಯಲ್ಲಿ ನಿಂತಿತು.

ಅವ್ವ ಕಣ್ಣೊರೆಸಿಕೊಂಡು, ಕೆನ್ನೆಗೆ ಹಿಟ್ಟು ಬಳಿದುಕೊಂಡು, ಬಾಯಿ ತೆರೆದಳು.

"ಅವ್ವ, ಹೇಳಬೇಡ," ಎಂದೆ.

ನನ್ನ ದನಿ ನನಗೇ ಗುರುತಾಗಲಿಲ್ಲ. ಎಲ್ಲರೂ ತಿರುಗಿದರು. ಅವ್ವ ನನಗೆ ಹುಚ್ಚು ಹಿಡಿಯಿತೋ ಎಂಬಂತೆ ನೋಡಿದಳು. ನಾನು ಹೋಗಿ ಅವಳ ಮಣಿಕಟ್ಟು ಹಿಡಿದೆ. ಹಿಟ್ಟಿಗೆ ಕೈ ಜಾರಿತು. ಎರಡೂ ಕೈಯಲ್ಲಿ ಹಿಡಿದೆ.

"ಬಿಡೇ. ಸಾಯೋರ ಮುಂದೆ ಇದೇನೇ?"

"ಇದು ನಮ್ಮದಲ್ಲ ಅವ್ವ ಕೊಡೋಕೆ. ಯಾರು ಕೊಡಬೇಕೋ ಅವರ ಹತ್ರ ಹೋಗಿ ಕೇಳ್ಕೊಳ್ಳಲಿ."

ಅವ್ವನಿಗೆ ಅದು ಅರ್ಥವಾಗಲಿಲ್ಲ. ಇಸೆಲ್ಮುವಿಗೆ ಆಯಿತು. ಹಾಸಿಗೆಯ ಮೇಲಿದ್ದವಳಿಗೂ ಆಯಿತು. ಅವಳ ಗಂಟಲಿಂದ ಒಂದು ಸಣ್ಣ ಉಸಿರು ಹೊರಟಿತು, ಕಣ್ಣು ನನ್ನ ಮೇಲೆಯೇ ಇತ್ತು. ಇಮಾಮರು ಮೆತ್ತಗೆ, ತಂಗಿ, ಸಾಯುವ ಮುಸಲ್ಮಾನಳಿಗೆ ಮಾಫಿ ಇಲ್ಲವೆನ್ನುವುದು ದೊಡ್ಡ ಪಾಪ ಎಂದರು. ಇರಲಿ, ನನ್ನ ಮೇಲೆ ಬರಲಿ ಎಂದೆ. ಬಾಗಿಲಲ್ಲಿ ಸೊಸೆ, ಶಾಲೆಗೆ ಕಳಿಸಿದ್ದಕ್ಕೆ ನೋಡಿ ಎಂದಳು. ತೊತ್ತಿನ ಹುಟ್ಟು ಎಂದೂ ಸೇರಿಸಿದಳು, ಈ ಸಲ ತಮಾಷೆಯಿಲ್ಲದೆ.

ಅವ್ವ ಬೇಡಿಕೊಂಡಳು. ಮೊದಲು ನನ್ನನ್ನು, ಆಮೇಲೆ ಇಸೆಲ್ಮುವನ್ನು. ನಾನು ಅವಳನ್ನು ಎಳೆದೆ. ಐವತ್ತು ಕಿಲೋ ಸಿಮೆಂಟ್ ಹೊರುವವನ ಅಕ್ಕ ನಾನು, ನನಗೂ ಶಕ್ತಿಯಿದೆ. ನೆಲದ ಮೇಲೆ ಅವಳ ಹಿಟ್ಟಿನ ಕೈಯ ಗುರುತು ಉದ್ದಕ್ಕೆ ಬಿತ್ತು. ಹೊಸ್ತಿಲಲ್ಲಿ ತಿರುಗಿ, ಒಡೆಯಾ, ಕಾಗದ ಆದ್ರೂ ಕೊಡಿ ಎಂದಳು. ಇಸೆಲ್ಮು ಇಮಾಮರ ಕೈಯಿಂದ ಕಾಗದ ತೆಗೆದುಕೊಂಡ. ನಾಲ್ಕು ಮಡಿಕೆ ಮಾಡಿ ನಿಲುವಂಗಿಯ ಜೇಬಿನಲ್ಲಿ ಇಟ್ಟುಕೊಂಡ.

ದೇವರ ಪ್ರೀತಿಗಾಗಿ ಎಂದು ಬರೆದಿದ್ದ ಕಾಗದ.

 ಬಾಡಿಗೆ ಕಾರಿನಲ್ಲಿ ಅವ್ವ ಆರು ಜನರ ನಡುವೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮೊಣಕೈಯ ಹಿಟ್ಟು ಒಣಗಿ ಉದುರುತ್ತಿತ್ತು. ಮನೆಗೆ ಬಂದು ಒಂದೇ ಮಾತು ಹೇಳಿದಳು.

"ನನ್ನ ಮಗಳ ವಿಳಾಸ ಅವರ ಬಾಯಲ್ಲಿತ್ತು. ನಿನ್ನ ಓದಿನ ಸೊಕ್ಕು ಅದನ್ನ ತಿಂದುಹಾಕ್ತು."

ಹೌದು ಅವ್ವ ಎಂದೆ. 

ತೆಕ್ಬರ್ ಮಾರನೆಯ ದಿನ ಸತ್ತಳು. ಸಾವಿನ ಮನೆಯಿಂದ ಬೇರೆ ಸುದ್ದಿ ಹೊರಟಿತು. ಹಳೆ ಸೇವಕಿ ಎಂಬೈರಿಕ ಬಂದು, ಕಾಲು ಹಿಡಿದು ಅತ್ತು, ಎಲ್ಲವನ್ನೂ ಮನ್ನಿಸಿದಳಂತೆ. ಒಳ್ಳೆ ಸಾವು ಅಂತೆ. ನಮ್ಮ ಓಣಿಯ ಹೆಂಗಸರು ಕೂಡ ಬಂದು ಅವ್ವನ ಕೈ ಮುಟ್ಟಿ, ನಿನ್ನ ಮನಸ್ಸು ದೊಡ್ಡದು ಎಂದು ಹೋದರು. ಅವ್ವ ಇಲ್ಲವೆನ್ನಲಿಲ್ಲ. ನನ್ನ ಜೊತೆ ಒಂದೇ ತಟ್ಟೆಯಲ್ಲಿ ಊಟ ಮಾಡುವುದನ್ನು ಮಾತ್ರ ಬಿಟ್ಟಳು. ನಮಾಜಿಗೆ ಕೂತಾಗ ಬೇಗ ಏಳುತ್ತಾಳೆ, ಇನ್ನು ಯಾಕೆ ಎನ್ನುವ ಹಾಗೆ.

ಮೆಸ್ಸೂದನಿಗೆ ಅನುಮಾನ. ಅವನು ನನ್ನನ್ನು ಗೋಡೆಯ ಮರೆಗೆ ಕರೆದು, ನೀನು ಸುಮ್ಮಸುಮ್ಮನೆ ಕೂಗಾಡೋಳಲ್ಲ, ಅಲ್ಲಿ ಏನಾಯ್ತು ಎಂದ. ಅವನಿಗೆ ಹೇಳಿದರೆ ಅದೇ ರಾತ್ರಿ ಇಸೆಲ್ಮುವಿನ ಮನೆಗೆ ಹೋಗುತ್ತಾನೆ. ಅವನು ಜೈಲಿಗೆ, ಅವ್ವ ಜೈಲಿನ ಬಾಗಿಲಿಗೆ. ಏನಿಲ್ಲ ಎಂದೆ. ಗುಲಾಮಗಿರಿಯ ವಿರುದ್ಧ ಹೋರಾಡುವ ನಮ್ಮ ಸಂಘದ ವಕೀಲೆ ಬಂದಳು. ಉಡುಗೊರೆ ಹೋದ ಹುಡುಗಿಯ ಹೆಸರಲ್ಲಿ ದೂರು ಕೊಡಬಹುದು, ನಿಮ್ಮವ್ವ ಹೇಳಿಕೆ ಕೊಡಲಿ ಎಂದಳು. ಒಳ್ಳೆಯವಳು. ಎಷ್ಟೋ ಸಲ ಲಾಠಿ ತಿಂದವಳು. ನಾನು ರಾತ್ರಿಯೆಲ್ಲ ಕೂತು ತೂಗಿ ನೋಡಿದೆ. ಯಾವ ಬಾವಿ, ಯಾರಿಗೂ ಗೊತ್ತಿಲ್ಲ. ಕಂಡವಳು ಸತ್ತಳು. ನ್ಯಾಯಾಲಯ ಮೊದಲು ಕರೆಸುವುದು ಅವ್ವನನ್ನು. ಯಾರಾದರೂ ಒಬ್ಬ ಗುಮಾಸ್ತ ಅವಳಿಗೆ ಓದಿ ಹೇಳುತ್ತಾನೆ: ಸಂಜೆ ತನಕ ದನಿ ಬರುತ್ತಿತ್ತು. ಆ ಒಂದು ಸಾಲು. ಮೂವತ್ತಮೂರು ವರ್ಷ ಪೂರ್ವದ ಕಡೆ ನೋಡಿದ ಕಣ್ಣಿಗೆ ಆ ಸಾಲು.

ಇಸೆಲ್ಮು ಕೇಳಿದ್ದೂ ಇದನ್ನೇ. ಹೇಳಬೇಡ ಎಂದಿದ್ದ. ನಾನು ಬಾಯಿ ಮುಚ್ಚಿದರೆ ಅವನ ಮಾತು ನಡೆಸಿಕೊಟ್ಟ ಹಾಗೆ. ಬಾಯಿ ತೆರೆದರೆ ಅವ್ವನನ್ನೂ ಅದೇ ಬಾವಿಗೆ ಇಳಿಸಿದ ಹಾಗೆ. ಎರಡರ ನಡುವೆ ಹದಿನೈದು ದಿನ ತಿರುಗಿದೆ. ತರಗತಿಯಲ್ಲಿ ಹಲಗೆಯ ಮೇಲೆ ಬರೆದದ್ದನ್ನು ಅರ್ಧಕ್ಕೆ ನಿಲ್ಲಿಸಿ ನಿಂತುಬಿಡುತ್ತಿದ್ದೆ.

ಒಂದು ಶುಕ್ರವಾರ ಅವ್ವ ಹೆದ್ದಾರಿಯ ಬದಿಗೆ ಬಾ ಎಂದಳು. ಹದಿನೈದು ದಿನದಲ್ಲಿ ಮೊದಲ ಸಲ ನನ್ನನ್ನು ಕರೆದದ್ದು. ಹೋದೆ. ಒಂದು ಲಾರಿ ಹೊರಡಲು ನಿಂತಿತ್ತು. ಅಕ್ಕಿ ಮೂಟೆ, ಮೂಟೆಗಳ ಮೇಲೆ ಜನ. ಅವ್ವ ಚಾಲಕನ ಕಿಟಕಿ ಹಿಡಿದು ನಿಂತಿದ್ದಳು. ಅವನ ಕೈಯಲ್ಲಿ ಅವಳು ಕೊಟ್ಟ ಕುಸ್ಕುಸ್ ಗಂಟು.

"ನೇಮ ದಾಟಿ ಆಚೆ. ನಾಲ್ಕು ಮಕ್ಕಳು, ಎರಡು ಗಂಡು ಎರಡು ಹೆಣ್ಣು. ಸಲ್ಕ ಅಂತ. ನಲವತ್ತು ಆಗಿರುತ್ತೆ ಅವಳಿಗೆ," ಎನ್ನುತ್ತಿದ್ದಳು.

ಚಾಲಕ ಒಳ್ಳೆ ಮನುಷ್ಯ. ಸಲ್ಕ ಎಂಬ ಹೆಸರು ದಾರಿಯುದ್ದಕ್ಕೂ ಇದೆ ಅಜ್ಜಿ, ಹೇಗಿರ್ತಾಳೆ ಹೇಳು ಎಂದ.

 ಅವ್ವ ನನ್ನ ತೋಳು ಹಿಡಿದು ಮುಂದಕ್ಕೆ ಎಳೆದಳು.

"ಇವಳ ಥರಾನೇ. ಅದಕ್ಕೇ ಕರ್ಕೊಂಡು ಬಂದೆ. ಚೆನ್ನಾಗಿ ನೋಡ್ಕೊ."

ಅವನು ಕಿಟಕಿಯಿಂದ ಬಗ್ಗಿ ನನ್ನ ಮುಖ ನೋಡಿದ. ಮೂಟೆಗಳ ಮೇಲಿದ್ದವರೂ ನೋಡಿದರು. ಆಗ, ಅವರೆಲ್ಲ ನೋಡುತ್ತಿದ್ದ ಹಾಗೇ, ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನ ಮಾಡಿದೆ. ಅವ್ವನಿಗಿಲ್ಲ, ಮೆಸ್ಸೂದನಿಗಿಲ್ಲ, ವಕೀಲೆಗಿಲ್ಲ. ಅವನಿಗೆ ಸರಿಯಾಗಿ ಕಾಣಲಿ ಎಂದು ಮುಸುಕು ಹಿಂದಕ್ಕೆ ಸರಿಸಿದೆ.